ಬ್ರೇಕ್ ಕೇಬಲ್ಲೂ ನನ್ನ ಕೈಗುಣವೂ

ಕತ್ತರಿಸುವ ಕೆಲಸ ನನ್ನ ಕೈಗೆ ಒಗ್ಗಿದ್ದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರ ಕೈಯಲ್ಲಿ ಗಿಡ ಚಿಗುರುವುದಿಲ್ಲ, ಕೆಲವರು ಹೆಪ್ಪು ಹಾಕಿದರೆ ಹಾಲು ಮೊಸರಾಗುವುದಿಲ್ಲ. ನನ್ನ ಕೈಯಲ್ಲಿ ಯಾವ ವಸ್ತುವೂ ನೆಟ್ಟಗೆ ತುಂಡಾಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಹುರುಳಿಕಾಯಿ ಹೆಚ್ಚಿಕೊಟ್ಟೆ. ನನ್ನ ಹೆಂಡತಿ ಶಾರದ ತಟ್ಟೆಯನ್ನು ಒಮ್ಮೆ ನೋಡಿ, "ಇದು ಪಲ್ಯಕ್ಕೋ, ಪಕ್ಕದ ಮನೆ ಹಸುವಿಗೋ?" ಎಂದು ಕೇಳಿದಳು. ಅಂದಿನಿಂದ ಅಡುಗೆಮನೆಯ ಚಾಕು ನನಗೆ ನಿಷಿದ್ಧ. ನಾನು ಭೂಗೋಳ ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಒಮ್ಮೆ ಹೊಸ ಪ್ರಯೋಗಾಲಯದ ಉದ್ಘಾಟನೆಗೆ ಟೇಪು ಕಟ್ಟಿ, ಕತ್ತರಿ ತರುವ ಜವಾಬ್ದಾರಿಯನ್ನು ನನಗೆ ಕೊಟ್ಟಿದ್ದರು. ನಾನು ಆರಿಸಿ ತಂದ ಕತ್ತರಿಯಲ್ಲಿ ಮುಖ್ಯ ಅತಿಥಿಗಳು ಆ ಟೇಪನ್ನು ಅಗಿದರು, ಜಗ್ಗಿದರು, ಕೊನೆಗೆ ಎರಡೂ ಕೈಯಲ್ಲಿ ಹಿಡಿದು ಹರಿದು ಒಳಗೆ ಹೋದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಇಂಥ ಕೈಗುಣದವನು ಅರವತ್ತು ದಾಟಿದ ಮೇಲೆ ಸೈಕಲ್ಲಿನ ಬ್ರೇಕ್ ಕೇಬಲ್ ಕತ್ತರಿಸಲು ಕಲಿಯಹೊರಟದ್ದು ಹೇಗೆ ಎಂಬುದು ಈಗ ಹೇಳಬೇಕಾದ ಸಂಗತಿ.

ನನ್ನ ಸೈಕಲ್ಲಿನ ಆರೋಗ್ಯವೆಲ್ಲ ಮೂವತ್ತು ವರ್ಷ ಸಿದ್ದರಾಜುವಿನ ಕೈಯಲ್ಲಿತ್ತು. ಅವನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನನ್ನ ಶಾಲೆಯೂ ಆ ಕಡೆಯೇ. ದಿನಾ ಬೆಳಿಗ್ಗೆ ಚಾಮರಾಜಪುರಂನಿಂದ ಸೈಕಲ್ ತುಳಿದು ಹೋಗುತ್ತಿದ್ದೆ. ಒಂದು ದಿನ ಕೆಆರ್‌ಎಸ್ ರಸ್ತೆಯಲ್ಲಿ ಚೈನು ಕಳಚಿಕೊಂಡು, ನಾನು ಅದನ್ನು ಹಾಕಲು ಹೋಗಿ ಕೈ, ಪಂಚೆ, ಮೂಗು ಎಲ್ಲವನ್ನೂ ಮಸಿ ಮಾಡಿಕೊಂಡು ನಿಂತಿದ್ದಾಗ, ಪಾಳಿ ಮುಗಿಸಿ ಬರುತ್ತಿದ್ದ ಸಿದ್ದರಾಜು ತನ್ನ ಸೈಕಲ್ ನಿಲ್ಲಿಸಿದ. ಒಂದು ಕಡ್ಡಿ ತುಂಡಿನಿಂದ ಚೈನನ್ನು ಎತ್ತಿ ಹಲ್ಲಿನ ಮೇಲೆ ಕೂರಿಸಿ, ಪೆಡಲು ಒಂದು ಸುತ್ತು ತಿರುಗಿಸಿ, "ಮೇಷ್ಟ್ರೆ, ಸೈಕಲ್ಲೇನೋ ನಿಮ್ದೇಯ. ಆದ್ರೆ ನೀವು ಅದಕ್ಕೆ ಸೇರ್ದೋರಲ್ಲ ಬುಡಿ" ಎಂದ. ನಮ್ಮ ಸ್ನೇಹ ಶುರುವಾದದ್ದು ಹೀಗೆ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಊರಾಚೆ ಹೋಗುತ್ತಿದ್ದೆವು. ಬೆಟ್ಟದ ಬುಡದವರೆಗೆ, ಕೆಲವೊಮ್ಮೆ ವರುಣಾ ಕೆರೆಯವರೆಗೆ. ದಾರಿಯುದ್ದಕ್ಕೂ ನಾನು ಮಾತಾಡುತ್ತಿದ್ದೆ, ಅವನು ನನ್ನ ಸೈಕಲ್ಲು ಮಾಡುವ ಸದ್ದನ್ನು ಕೇಳುತ್ತಿದ್ದ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾನು ಅವನನ್ನು 'ನೀನು' ಎನ್ನುತ್ತಿದ್ದೆ, ಅವನು ನನ್ನನ್ನು 'ನೀವು' ಎನ್ನುತ್ತಿದ್ದ. ಇಬ್ಬರದೂ ಒಂದೇ ವಯಸ್ಸು. "ನೀನೂ ಏಕವಚನದಲ್ಲೇ ಮಾತಾಡಯ್ಯ" ಎಂದು ಕೆಲವು ಸಲ ಹೇಳಿದ್ದೆ. ಅವನು ನಕ್ಕು, "ಆಯ್ತು ಬುಡಿ" ಎನ್ನುತ್ತಿದ್ದ. ಆ 'ಬುಡಿ' ಮತ್ತೆ ಬಹುವಚನವೇ. ನಾನು ಬಹುವಚನಕ್ಕೆ ಬರಬಹುದಿತ್ತಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಭೂಗೋಳದವರಿಗೆ ವ್ಯಾಕರಣ ಅಷ್ಟಕ್ಕಷ್ಟೆ.

ನಾನು ನಿವೃತ್ತನಾದಾಗ ಶಾಲೆಯವರು ನನಗೊಂದು ಹೊಸ ಸೈಕಲ್ ಕೊಟ್ಟರು. ಹಳೆಯದಕ್ಕೆ ಕಬ್ಬಿಣದ ಸರಳಿನ ಬ್ರೇಕು. ಅದು ಹಿಡಿಯಲಿ ಬಿಡಲಿ, ಕಣ್ಣಿಗೆ ಕಾಣುತ್ತಿತ್ತು. ಹೊಸದರಲ್ಲಿ ಎಲ್ಲವೂ ಕೇಬಲ್ಲು. ಕೇಬಲ್ಲಿನಲ್ಲಿ ಎರಡು ಭಾಗ. ಹತ್ತಾರು ಎಳೆ ಹೊಸೆದ ಸಣ್ಣ ಉಕ್ಕಿನ ತಂತಿ ಒಳಗೆ. ಅದು ಓಡಾಡುವ ಪ್ಲಾಸ್ಟಿಕ್ ಹೊದಿಕೆಯ ಕೊಳವೆ ಹೊರಗೆ, ಅದಕ್ಕೆ ಔಟರ್ ಎನ್ನುತ್ತಾರೆ. ಇವುಗಳನ್ನು ಕತ್ತರಿಸಲು ಸಿದ್ದರಾಜುವಿನ ಬಳಿ ಗಿಳಿಯ ಕೊಕ್ಕಿನಂಥ ಬಾಯಿಯ ಒಂದು ಕಟ್ಟರ್ ಇತ್ತು. ಅದು ತಂತಿಯನ್ನು ಸುತ್ತಲಿಂದಲೂ ತಬ್ಬಿ ಹಿಡಿದು ಒಂದೇ ಏಟಿಗೆ ಕತ್ತರಿಸುತ್ತಿತ್ತು. 'ಟಕ್' ಎಂದರೆ ಮುಗಿಯಿತು. ಒಂದು ಎಳೆಯೂ ಹೊರಗೆ ಇಣುಕುತ್ತಿರಲಿಲ್ಲ. ಎಷ್ಟು ಸುಲಭ ಎಂದುಕೊಳ್ಳುತ್ತಿದ್ದೆ. ಬೇರೆಯವರು ಮಾಡುವಾಗ ಎಲ್ಲ ಕೆಲಸವೂ ಸುಲಭವೇ.

ಕಳೆದ ಮಳೆಗಾಲದಲ್ಲಿ ಸಿದ್ದರಾಜುವಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಸ್ವಲ್ಪ ತೊದಲಿದರೂ ಉಳಿದಿದೆ ಎಂದು ಡಾಕ್ಟರು ಹೇಳಿದರು. ಆದರೆ ಮನೆಗೆ ಬಂದ ಮೇಲೆ ಅವನು ಮಾತೇ ಆಡಲಿಲ್ಲ. ಮೊದಲನೆಯ ವಾರವೇ ಎಡಗೈಯಲ್ಲಿ ಸನ್ನೆ ಮಾಡಿ ತನ್ನ ಹತಾರುಗಳನ್ನೆಲ್ಲ, ಆ ಕಟ್ಟರ್ ಸಮೇತ, ಊರಲ್ಲಿದ್ದ ಅಣ್ಣನ ಮಗನಿಗೆ ಕೊಡಿಸಿಬಿಟ್ಟನಂತೆ. ಅವನ ಹೆಂಡತಿ ರತ್ನಮ್ಮ ನನಗೆ ಫೋನ್ ಮಾಡಿದರು. "ಗೋಡೆ ಕಡೆ ಮಖ ಮಾಡ್ಕಂಡು ಕೂತವ್ರೆ ಮೇಷ್ಟ್ರೆ. ವ್ಯಾಯಾಮ ಮಾಡ್ಸೋರು ಬಂದ್ರೆ ಕಣ್ ಮುಚ್ಕೋತಾರೆ. ನೀವಾರ ಬಂದು ಮಾತಾಡ್ಸಿ."

ನಾನು ಹೋದೆ. ಮೂವತ್ತು ವರ್ಷ ತೂಕಡಿಸುವ ಮಕ್ಕಳ ಎದುರು ಮಾರುತಗಳ ಬಗ್ಗೆ ಮಾತಾಡಿದವನಿಗೆ ಉತ್ತರ ಬಾರದಿರುವುದು ಹೊಸದಲ್ಲ. ಹವೆಯ ಬಗ್ಗೆ ಹೇಳಿದೆ, ರಿಂಗ್ ರಸ್ತೆಯ ಹೊಂಡಗಳ ಬಗ್ಗೆ ಹೇಳಿದೆ, ನಮ್ಮ ಬೀದಿಯ ನಾಯಿ ಮರಿ ಹಾಕಿದ್ದನ್ನು ಹೇಳಿದೆ. ಅವನು ಗೋಡೆಯನ್ನೇ ನೋಡುತ್ತಿದ್ದ. ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ನನಗೆ ಮಾತೇ ಮುಗಿದುಹೋಗಿ, ನಾನೂ ಅದೇ ಗೋಡೆಯನ್ನು ಅರ್ಧ ಗಂಟೆ ನೋಡಿ ಎದ್ದು ಬಂದೆ. ಬಾಗಿಲ ತನಕ ಬಂದ ರತ್ನಮ್ಮ, "ಇನ್ನೊಂದ್ಸಲ ಬತ್ತೀರ ತಾನೆ?" ಎಂದರು. ಬರುತ್ತೇನೆ ಎಂದೆ. ಸೈಕಲ್ ತುಳಿಯುತ್ತಾ ಹಿಂದಿರುಗುವಾಗ, ಇನ್ನು ಹೋಗದೇ ಇರಲು ಯಾವ ನೆಪ ಹೇಳಲಿ ಎಂದು ಯೋಚಿಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಆ ವಾರವೇ ನನ್ನ ಹಿಂದಿನ ಬ್ರೇಕಿನ ಕೇಬಲ್ ಕಿತ್ತುಹೋಯಿತು. ಹೊಸ ತಂತಿ, ಹೊಸ ಔಟರ್ ತಂದೆ. ಕತ್ತರಿಸುವುದಷ್ಟೇ ತಾನೆ ಎಂದು ಮೊದಲು ಬಟ್ಟೆ ಕತ್ತರಿಸುವ ಕತ್ತರಿ ಪ್ರಯೋಗಿಸಿದೆ. ಕತ್ತರಿಯ ಬಾಯಿಗೆ ಹಲ್ಲು ಮೂಡಿತು, ತಂತಿಗೆ ಏನೂ ಆಗಲಿಲ್ಲ. ಆಮೇಲೆ ನಮ್ಮ ಅತ್ತೆಯವರ ಕಾಲದ ಅಡಕತ್ತರಿ ನೆನಪಾಯಿತು. ಅದು ಎಂಥ ಗಟ್ಟಿ ಗೋಟಡಿಕೆಯನ್ನೂ ಬಿಟ್ಟಿದ್ದಲ್ಲ. ತಂತಿಯನ್ನು ಅದರೊಳಗಿಟ್ಟು ಬಲ ಹಾಕಿ ಒತ್ತಿದೆ. ತಂತಿ ಚಪ್ಪಟೆಯಾಯಿತು, ಅಡಕತ್ತರಿಯ ಮೊಳೆ ಹಾರಿ ದೇವರಮನೆಯೊಳಗೆ ಬಿತ್ತು. ಶಾರದ ಎರಡು ತುಂಡನ್ನೂ ಕೈಗೆ ತೆಗೆದುಕೊಂಡು ಒಂದಕ್ಕೊಂದು ಜೋಡಿಸಿ ನೋಡಿದಳು. ಕೊನೆಗೆ, "ಅಮ್ಮ ಹಲ್ಲು ಹೋದ್ಮೇಲೂ ಇದನ್ನ ಹತ್ತಿರ ಇಟ್ಕೊಂಡಿದ್ರು ಕಣ್ರೀ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಇರುವುದು ಕ್ಷೇಮವಲ್ಲ ಎನ್ನಿಸಿ, ತಂತಿ, ಔಟರ್, ಒಂದು ಸಾಮಾನ್ಯ ಕಟಿಂಗ್ ಪ್ಲೇಯರ್ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು, ಹಿಂದಿನ ಬ್ರೇಕಿಲ್ಲದ ಸೈಕಲ್ಲನ್ನು ಅರ್ಧ ತುಳಿದು ಅರ್ಧ ತಳ್ಳಿ ಮೇಟಗಳ್ಳಿಗೆ ಹೋದೆ. ಸಿದ್ದರಾಜು ಸಹಾಯ ಮಾಡುತ್ತಾನೆ ಎಂಬ ಆಸೆ ಇರಲಿಲ್ಲ. ಅವನ ಎದುರು ಸುಮ್ಮನೆ ಕೂರುವುದಕ್ಕಿಂತ ಕೈಗೊಂದು ಕೆಲಸವಿರಲಿ ಎಂದಷ್ಟೆ.

ಅಂದು ಗುರುವಾರ. ರತ್ನಮ್ಮ ಅವನನ್ನು ಜಗುಲಿಯ ಕುರ್ಚಿಯಲ್ಲಿ ಕೂರಿಸಿದ್ದರು. ನಾನು ನೆಲದ ಮೇಲೆ ಕುಳಿತು ಔಟರನ್ನು ಪ್ಲೇಯರಿನ ಬಾಯಿಗೆ ಕೊಟ್ಟು ಎರಡೂ ಕೈಯಲ್ಲಿ ಹಿಸುಕಿದೆ. ಕೊಳವೆ ತುಂಡಾಗಲಿಲ್ಲ, ಕಾಲಡಿಗೆ ಸಿಕ್ಕ ಪಡವಲಕಾಯಿಯ ಹಾಗೆ ಅಪ್ಪಚ್ಚಿಯಾಯಿತು. ಒಳಗಿನ ಉಕ್ಕಿನ ಸುರುಳಿ ಹೊರಗೆ ಚಿಮ್ಮಿತು. ನಾನು ಅದನ್ನು ತಿರುವಿ ಇನ್ನೊಂದು ಪಕ್ಕದಿಂದ ಹಿಸುಕತೊಡಗಿದೆ.

"ಅಯ್ಯೋ ಮುಂಡೇದೆ. ಅಂಗಲ್ಲ" ಎಂದು ಒಂದು ದನಿ ಕೇಳಿತು.

ತೊದಲು ದನಿ, ಒಡೆದ ದನಿ, ಆದರೂ ಸಿದ್ದರಾಜುವಿನದೇ. ಮುಖ ನನ್ನ ಕಡೆ ತಿರುಗಿತ್ತು. "ಒಳಗ್ ತಂತಿ ಇಲ್ದೆ ಔಟರ್ ಕತ್ತರಿಸ್ತಾರ? ಹಳೇ ತಂತಿ ಒಳಗ್ ಹಾಕು. ಆಗ ಅಪ್ಪಚ್ಚಿ ಆಗಕಿಲ್ಲ. ಇಷ್ಟ್ ವರ್ಸ ನೋಡಿದ್ಯಲ್ಲ, ಏನ್ ನೋಡಿದ್ದೆ ನೀನು?" ಒಳಗಿನಿಂದ ರತ್ನಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತುಬಿಟ್ಟರು. ಎರಡು ತಿಂಗಳಲ್ಲಿ ಅದು ಅವನ ಮೊದಲನೆಯ ಮಾತು. ಅದನ್ನೂ ಮೀರಿ ನನಗೆ ಕೇಳಿಸಿದ್ದು ಆ 'ನೀನು'. ಮೂವತ್ತು ವರ್ಷ ಬೇಡಿದರೂ ಬಾರದ್ದು, ಒಂದು ಔಟರನ್ನು ಹಾಳು ಮಾಡಿದ್ದಕ್ಕೆ ಬಂದಿತ್ತು.

"ಈ ಪ್ಲೇಯರ್‌ನಾಗೆ ಆಗಕಿಲ್ಲ. ಸರ್ಯಾಗಿರೋ ಕಟ್ಟರ್ ತಕಂಡು ಬಾ" ಎಂದ. ಮರುದಿನವೇ ಮಂಡಿ ಮೊಹಲ್ಲಾಕ್ಕೆ ಹೋದೆ. ಅಲ್ಲಿನ ಹತಾರಿನ ಅಂಗಡಿಯ ಸಾಬರು ಬಹಳ ಮರ್ಯಾದಸ್ತರು. ಕೇಬಲ್ ಕತ್ತರಿಸುವುದು ಬೇಕು ಎಂದೆ; ಎಂಥ ಕೇಬಲ್ ಎಂದು ಅವರು ಕೇಳುವುದರೊಳಗೆ ಅಗಲ ಬಾಯಿಯ ಒಂದು ಚಂದದ ಕಟ್ಟರ್ ತೋರಿಸಿ ಅದೇ ಇರಲಿ ಎಂದೆ. ಮುಂದಿನ ಗುರುವಾರ ಅದರಲ್ಲಿ ತಂತಿ ಕತ್ತರಿಸಹೋದಾಗ ತಂತಿಯ ಬದಲು ಅದರ ಬಾಯಿಗೇ ಕಚ್ಚು ಬಿತ್ತು. ಸಿದ್ದರಾಜು ಎಡಗೈಯಲ್ಲಿ ಅದನ್ನು ಹಿಡಿದು ನೋಡಿ, "ಇದು ಕರೆಂಟಿನೋರ್ದು. ತಾಮ್ರ ಕತ್ತರ್ಸಕೆ. ಬೆಣ್ಣೆ ತೆಗೆಯೋ ಚಮಚ್ದಾಗೆ ಕಾಯಿ ಒಡ್ಯಕೋಗಿದ್ಯ" ಎಂದ. ಹಾಗಾದರೆ ಬಲವಾದದ್ದೇ ಇರಲಿ ಎಂದು ಎರಡನೆಯ ಸಲ ಒಂದು ಮೊಳ ಉದ್ದದ ಹಿಡಿಯ ಕಟ್ಟರ್ ಆರಿಸಿದೆ. ಸಾಬರು ಅದನ್ನು ಕಾಗದದಲ್ಲಿ ಸುತ್ತುತ್ತಾ ಮೆಲ್ಲಗೆ, "ಯಾವ್ದು ಸಾರ್, ಬೀಗದ ಕೈ ಕಳದೋಯ್ತಾ?" ಎಂದರು. ಅದನ್ನು ಹೆಗಲ ಮೇಲಿಟ್ಟುಕೊಂಡು ಮೇಟಗಳ್ಳಿಯ ಬೀದಿಯಲ್ಲಿ ಹೋದಾಗ ಇಬ್ಬರು ಹೆಂಗಸರು ಒಳಗೆ ಹೋಗಿ ಕದ ಹಾಕಿಕೊಂಡರು. ಸಿದ್ದರಾಜು ಅದನ್ನು ಮುಟ್ಟಿಯೂ ನೋಡಲಿಲ್ಲ. "ಜೈಲು ಒಡಿಯಕೆ ಒಂಟಿದ್ಯ?" ಎಂದಷ್ಟೇ ಕೇಳಿದ. ಮೂರನೆಯ ಸಲ, ಅವನು ಎಡಗೈಯಲ್ಲಿ ವಕ್ರವಕ್ರವಾಗಿ ಬರೆದುಕೊಟ್ಟ ಚಿತ್ರವನ್ನು ಅಂಗಡಿಯಲ್ಲಿ ತೋರಿಸಿ ಗಿಳಿಕೊಕ್ಕಿನದನ್ನೇ ತಂದೆ. ಆ ಚಿತ್ರ ಬರೆಯಲು ಅವನಿಗೆ ಮುಕ್ಕಾಲು ಗಂಟೆ ಹಿಡಿದಿತ್ತು. ಗಳಿಗೆಗೊಮ್ಮೆ ಜಾರುತ್ತಿದ್ದ ಕಾಗದವನ್ನು ರತ್ನಮ್ಮ ಹಿಡಿದು ಕೂತಿದ್ದರು.

ಹತಾರು ಸಿಕ್ಕಿದ ಮೇಲೆ ಕೆಲಸ ಮುಗಿದಂತೆ ಎಂದು ನೀವು ತಿಳಿದರೆ, ನೀವು ನನ್ನನ್ನು ಇನ್ನೂ ಸರಿಯಾಗಿ ತಿಳಿದಿಲ್ಲ. ಔಟರ್ ಕತ್ತರಿಸಿದ ಮೇಲೆ ಅದರ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಬೇಕು. ನಾನು ಉಜ್ಜಿದರೆ ಅದು ಪೆನ್ಸಿಲ್ಲಿನ ಹಾಗೆ ಚೂಪಾಗುತ್ತಿತ್ತು. ಮುಚ್ಚಿಕೊಂಡ ಒಳಬಾಯಿಯನ್ನು ದಬ್ಬಣದಿಂದ ಬಿಡಿಸಬೇಕು. ಮೊದಲ ಸಲ ನಾನು ಬಿಡಿಸಿದ್ದು ನನ್ನ ಹೆಬ್ಬೆರಳನ್ನು. ತುದಿಗೆ ಲೋಹದ ಪುಟ್ಟ ಟೊಪ್ಪಿ ಹಾಕಿ ಅದರ ಜಾಗದಲ್ಲಿ ಕೂರಿಸಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಉದ್ದ ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಒಳತಂತಿಯನ್ನು ಕೊನೆಗೆ ಕತ್ತರಿಸಬೇಕು. ನಾನು ಅದನ್ನೇ ಮೊದಲು ಕತ್ತರಿಸಿಬಿಡುತ್ತಿದ್ದೆ. ಕತ್ತರಿಸುವಾಗ ಹಿಂದೆಗೆದು ಹಿಂದೆಗೆದು ಒತ್ತಿದರೆ ಎಳೆಗಳೆಲ್ಲ ಬಿಚ್ಚಿಕೊಂಡು ಹಳೆಯ ಪೊರಕೆಯಾಗುತ್ತದೆ. ನನ್ನದು ಪ್ರತಿ ಸಲವೂ ಪೊರಕೆ. "ಹೆದ್ರುಕೋಬೇಡ. ಒಂದೇ ಏಟು. ಅನುಮಾನ ಬಂದ್ರೆ ಎಳೆ ಬಿಚ್ಕತದೆ" ಎಂದು ಸಿದ್ದರಾಜು ಹೇಳುತ್ತಿದ್ದ. ಅನುಮಾನವಿಲ್ಲದೆ ನಾನು ಬಸ್ಸನ್ನೂ ಹತ್ತಿದವನಲ್ಲ.

ಗುರುವಾರಗಳು ಹೀಗೆ ಕಳೆದವು. ನಾನು ಕೆಡಿಸುವುದು, ಅವನು ಬೈಯುವುದು, ರತ್ನಮ್ಮ ಟೀ ತರುವುದು. ಬೈಗುಳದ ಜೊತೆಗೇ ಅವನ ನಾಲಿಗೆ ದಿನದಿನಕ್ಕೆ ಸಡಿಲವಾಯಿತು. ಮೊದಮೊದಲು ಕೊಳವೆ ಅಲುಗಾಡದಿರಲಿ ಎಂದು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ, ಕಾಗದದ ಮೇಲೆ ಕಲ್ಲಿಡುವ ಹಾಗೆ ಅದರ ಮೇಲೆ ಇಡುತ್ತಿದ್ದ. ಒಂದು ದಿನ ನಾನು ತಂತಿಯನ್ನು ಓರೆಯಾಗಿ ತೂರಿಸುವಾಗ ಆ ಬಲಗೈಯ ತೋರುಬೆರಳು ಬಾಗಿ ಕೊಳವೆಯನ್ನು ಒತ್ತಿ ಹಿಡಿಯಿತು. ಮೂವರೂ ನೋಡಿದೆವು. ಅವನು, "ನೋಡ್ತಾ ಕೂತಿದ್ಯಲ್ಲ, ತೂರ್ಸು" ಎಂದ.

ಆ ಉಮೇದಿನಲ್ಲಿ ನಾನು, "ಸಂಕ್ರಾಂತಿ ಹೊತ್ತಿಗೆ ಇಬ್ಬರೂ ವರುಣಾ ಕೆರೆಗೆ ಹೋಗೋಣ" ಎಂದುಬಿಟ್ಟೆ. ಅವನು ಜಗುಲಿಯ ಕೆಳಗೆ ನಿಂತಿದ್ದ ನನ್ನ ಸೈಕಲ್ಲನ್ನು ನೋಡಿದ. "ಭೂಗೋಳದ ಮೇಷ್ಟ್ರು ಸುಳ್ಳ್ ಹೇಳಬಾರ್ದು. ಯಾವ್ದು ಎಷ್ಟ್ ದೂರ ಅಂತ ಗೊತ್ತಿರಬೇಕು" ಎಂದ. ಆ ದಿನ ಅವನು ಮತ್ತೆ ಬೈಯಲಿಲ್ಲ. ನಾನು ಎರಡು ಟೊಪ್ಪಿ ಕಳೆದರೂ ಬೈಯಲಿಲ್ಲ.

ಕೊನೆಗೊಂದು ಗುರುವಾರ, ಹೇಗೋ ಏನೋ, ಎಲ್ಲ ಸರಿಯಾಯಿತು. ಔಟರ್ ನೆಟ್ಟಗೆ ತುಂಡಾಯಿತು, ಬಾಯಿ ಗುಂಡಗಿತ್ತು, ತಂತಿ ಜಾರಿಕೊಂಡು ಹೋಯಿತು. ಒಂದೇ ಏಟಿಗೆ 'ಟಕ್' ಎಂದು ಒಳತಂತಿ ತುಂಡಾಯಿತು, ಒಂದು ಎಳೆಯೂ ಬಿಚ್ಚಲಿಲ್ಲ. ನಾನೇ ಬೆರಗಾದೆ. ಸೈಕಲ್ಲನ್ನು ಅವನ ಕುರ್ಚಿಯ ಪಕ್ಕಕ್ಕೆ ತಂದೆ. ಅವನು ಎಡಗೈಯಲ್ಲಿ ಬ್ರೇಕು ಹಿಡಿದ, ಬಿಟ್ಟ, ಹಿಡಿದ. ಕೇಬಲ್ಲಿನುದ್ದಕ್ಕೂ ಬೆರಳಾಡಿಸಿದ. ಬಹಳ ಹೊತ್ತಾದ ಮೇಲೆ, "ಎರಡು ನೂಲು ಉದ್ದ ಆಯ್ತು. ಬಿಚ್ಚು" ಎಂದ. ಎರಡು ನೂಲೆಂದರೆ ಕಾಲು ಅಂಗುಲ. ನನ್ನ ಕಣ್ಣಿಗೆ ಯಾವ ಹೆಚ್ಚೂ ಕಾಣಲಿಲ್ಲ. ಆದರೂ ಗುರುವಿನ ಮಾತು. ಬಿಚ್ಚಿ, ಎರಡು ನೂಲು ಕತ್ತರಿಸಹೋಗಿ ಎರಡು ಅಂಗುಲವನ್ನೇ ಕತ್ತರಿಸಿಬಿಟ್ಟೆ. ಕೇಬಲ್ಲು ಈಗ ಬ್ರೇಕನ್ನು ಮುಟ್ಟುವಂತೆಯೇ ಇರಲಿಲ್ಲ. ತಲೆಯೆತ್ತಿ ನೋಡಿದರೆ ಸಿದ್ದರಾಜು ಕಣ್ಣು ಮುಚ್ಚಿಕೊಂಡಿದ್ದ, ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದು ಗಾಬರಿಯಾಯಿತು. ಅಳುತ್ತಿರಲಿಲ್ಲ, ನಗುತ್ತಿದ್ದ. ಬಾಯಿಯ ಒಂದೇ ಪಕ್ಕದಲ್ಲಿ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದ. "ಬುಡು. ಮುಂದಿನ್ ವಾರ" ಎಂದ.

ಸೋಮವಾರ ಬೆಳಿಗ್ಗೆ ಅವನಿಗೆ ಎರಡನೆಯ ಸಲ ಹೊಡೆಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿಯೇ ಮುಗಿಯಿತು. ನಾನು ಹೋಗುವ ಹೊತ್ತಿಗೆ ಅವನನ್ನು ಜಗುಲಿಯ ಮೇಲೆ ಮಲಗಿಸಿದ್ದರು, ನಾವು ಕೂರುತ್ತಿದ್ದ ಜಾಗದಲ್ಲೇ. ನೆಲದ ಸಂದಿಯಲ್ಲಿ ಉಕ್ಕಿನ ಎಳೆಯ ಒಂದು ಚೂರು ಮಿನುಗುತ್ತಿತ್ತು. ಬಂದವರ ಕಾಲಿಗೆ ಚುಚ್ಚೀತೆಂದು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಅಂದು ನಾನು ಮಾಡಿದ ಕೆಲಸ ಅದೊಂದೇ.

ಅವರ ಮನೆಯಲ್ಲಿ ತಿಥಿ ಗಿಥಿ ಇಲ್ಲ. ಒಂದು ಭಾನುವಾರ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಬಿಳಿ ಬಟ್ಟೆ ಉಟ್ಟ ನೆಂಟರು, ನೆರೆಯವರು ಕೂತು ವಂದನೆ ಹೇಳಿದರು. ಶಾರದ ಮತ್ತು ನಾನು ಹಿಂದೆ ಕೂತಿದ್ದೆವು. ಎಲ್ಲ ಮುಗಿದ ಮೇಲೆ ರತ್ನಮ್ಮ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ಮೇಷ್ಟ್ರೆ, ನಿಮಗೊಂದ್ ಮಾತ್ ಹೇಳಬೇಕು. ನಮ್ಮನೆಯವ್ರಿಗೆ ಎಲ್ಲಾ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀವು ಬೇಕಂತ್ಲೇ ಕೆಡುಸ್ತಿದ್ರಿ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೊದಲ್ನೇ ದಿನ್ದಿಂದ್ಲೇ ಗೊತ್ತಾಗೋಯ್ತಂತೆ. 'ಅಷ್ಟ್ ಓದಿರೋರ ಕೈಲಿ ಒಂದ್ ಕೇಬಲ್ ಕತ್ತರ್ಸಕಾಗಲ್ವ ರತ್ನ? ನಾನು ಬಾಯ್ ಬುಡಲಿ ಅಂತ ಆ ಮನುಷ್ಯ ನಾಟಕ ಆಡ್ತಾ ಅವ್ನೆ. ಎಷ್ಟ್ ಚೆನ್ನಾಗ್ ಕೆಡುಸ್ತಾನೆ ನೋಡು. ನನಗೋಸ್ಕರ ಸುಮ್ಕೆ ಬೈಸ್ಕತಾನೆ' ಅಂತಿದ್ರು. ಅದುಕ್ಕೇ ಕೊನೇಲಿ ಸರಿ ಆದಾಗ ಅವರೇ ಬಿಚ್ಚು ಅಂದಿದ್ದು. ಸರಿ ಆದ್ರೆ ನೀವು ಬರದ್ ನಿಲ್ಲುಸ್ಬುಡ್ತೀರ ಅಂತ."

ಪಕ್ಕದಲ್ಲಿದ್ದ ಶಾರದ ನನ್ನ ಮುಖ ನೋಡಿದಳು. ಅಡಕತ್ತರಿಯ ಎರಡು ತುಂಡುಗಳನ್ನು ಕಂಡವಳು ಅವಳು. ಪುಣ್ಯಾತ್ಗಿತ್ತಿ ಏನೂ ಹೇಳಲಿಲ್ಲ. ನಾನು ಬಾಯಿ ತೆರೆದೆ. ಇಲ್ಲಮ್ಮ, ಅದು ನಾಟಕವಲ್ಲ, ನನಗೆ ನಿಜವಾಗಿ ಬರುವುದೇ ಅಷ್ಟು ಎಂದು ಹೇಳಬೇಕೆಂದಿದ್ದೆ. ಆದರೆ ಎದುರಿಗೆ ಆ ಹೆಂಗಸು ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಮುಗಿದು ನಿಂತಿದ್ದರು. ತನ್ನ ಮೇಲೆ ಒಬ್ಬನಿಗೆ ಅಷ್ಟು ಪ್ರೀತಿಯಿತ್ತು ಎಂದು ನಂಬಿ ಸಿದ್ದರಾಜು ಹೋಗಿದ್ದ. ಪ್ರೀತಿ ಇದ್ದದ್ದಂತೂ ಸುಳ್ಳಲ್ಲ, ಜಾಣತನ ಮಾತ್ರ ಸುಳ್ಳು. ನಾನು ಬಾಯಿ ಮುಚ್ಚಿಕೊಂಡೆ.

ಒಂದು ತಿಂಗಳ ಮೇಲೆ ರತ್ನಮ್ಮನಿಂದ ಮತ್ತೆ ಫೋನ್ ಬಂತು. ಅವರು ಹೊಲಿಗೆ ಕೆಲಸಕ್ಕೆ ಹೋಗುವ ಲೇಡೀಸ್ ಸೈಕಲ್ಲಿನ ಮುಂದಿನ ಬ್ರೇಕ್ ಕೇಬಲ್ ಕಿತ್ತುಹೋಗಿತ್ತು. "ನೀವಿರುವಾಗ ಬೇರೇರ್ ತಾವ ಯಾಕ್ ಹೋಗ್ಲಿ ಮೇಷ್ಟ್ರೆ" ಎಂದರು. ಹೋದೆ. ಅದೇ ಜಗುಲಿಯಲ್ಲಿ ಕೂತು, ಹಳೆಯ ತಂತಿ ಒಳಗೆ ಹಾಕಿ, ಹೇಳಿಸಿಕೊಂಡದ್ದನ್ನೆಲ್ಲ ನೆನೆಸಿಕೊಂಡು, ಬದುಕಿನಲ್ಲಿ ಎಂದೂ ಇಲ್ಲದ ಶ್ರದ್ಧೆಯಿಂದ ಕತ್ತರಿಸಿದೆ. ಔಟರ್ ಓರೆಯಾಯಿತು. ನಡುವೆ ಅನುಮಾನ ಬಂದು ಒಳತಂತಿಯ ಎಳೆಗಳೆಲ್ಲ ಬಿಚ್ಚಿಕೊಂಡವು. ರತ್ನಮ್ಮ ಅದನ್ನು ನೋಡಿದರು, ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಬ್ಯಾಡಿ ಮೇಷ್ಟ್ರೆ. ನಾನು ಎಂಗೋ ತಡ್ಕಂಡಿದೀನಿ. ನನಗೋಸ್ಕರನೂ ಕೆಡುಸ್ಬ್ಯಾಡಿ" ಎಂದರು.

ಮನೆಗೆ ಒಯ್ದು ಸಾವಕಾಶವಾಗಿ ಮಾಡಿ ತರುತ್ತೇನೆ ಎಂದು ಹೇಳಿ, ಆ ಸೈಕಲ್ಲನ್ನು ತಳ್ಳಿಕೊಂಡು ನೇರವಾಗಿ ನಮ್ಮ ಬಡಾವಣೆಯ ರಿಪೇರಿಯವರ ಹತ್ತಿರ ಹೋದೆ. ಅವರು ತಂತಿಯ ತುದಿ ನೋಡಿದರು. ಯಾರು ಮಾಡಿದ್ದು ಎಂದು ಕೇಳಿದರು. ನಾನೇ ಎಂದೆ. "ಪರವಾಗಿಲ್ಲ ಬಿಡಿ ಸಾರ್, ಎಲ್ಲರಿಗೂ ಹಿಂಗೇ ಆಗುತ್ತೆ" ಎಂದರು. "ಒಳಗೆ ತಂತಿ ಹಾಕಿಯೇ ಕತ್ತರಿಸಿದ್ದು, ಆದರೂ ಓರೆಯಾಯಿತು" ಎಂದೆ. "ಆಗುತ್ತೆ ಸಾರ್" ಎಂದರು. "ಉಜ್ಜಿದ್ದೂ ಸರಿಯಾಗಿಲ್ಲ" ಎಂದೆ. ಅವರು ಸ್ಟೂಲು ಎಳೆದು, "ಕೂತ್ಕೊಳ್ಳಿ ಸಾರ್, ಟೀ ತರಿಸ್ಲಾ?" ಎಂದರು. ನಾಲ್ಕೇ ನಿಮಿಷದಲ್ಲಿ ಕೆಲಸ ಮುಗಿಸಿಕೊಟ್ಟರು. ಒಂದು ಮಾತು ಬೈಯಲಿಲ್ಲ. ಅಲ್ಲಿ ಕೂತಿರಲು ಆಗದೆ ಎದ್ದು ಬಂದೆ.

ಮಾರನೆಯ ದಿನ ಸೈಕಲ್ಲನ್ನು ರತ್ನಮ್ಮನಿಗೆ ಕೊಟ್ಟೆ. ಬೀದಿಯ ಕೊನೆಯವರೆಗೆ ಒಂದು ಸುತ್ತು ಹೋಗಿ ಬಂದು ಬ್ರೇಕು ಹಿಡಿದು ನನ್ನ ಮುಂದೆಯೇ ನಿಲ್ಲಿಸಿದರು. ಬಗ್ಗಿ ಕೇಬಲ್ಲಿನ ತುದಿ ನೋಡಿದರು. ಒಂದು ಎಳೆಯೂ ಹೊರಗಿರಲಿಲ್ಲ. "ಇಷ್ಟ್ ಚೆನ್ನಾಗ್ ಬತ್ತದೆ ನಿಮಗೆ" ಎಂದರು.

ನಾನು ವಿನಯವಂತರು ನೋಡುವ ಹಾಗೆ ನೆಲ ನೋಡಿದೆ.